ಆ ಹುಡುಗರಿಗೆ ಸೊಕ್ಕು ಬಂದಿದೆ ಅನ್ನಬೇಡಿ

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರಿಗೆ ಇದು ಗೊತ್ತಿರುವ ಕಥೆಯೇ. ಒಂದು ತಂಡ ಒಂದು ವರ್ಷ ಸಿಕ್ಕಸಿಕ್ಕವರನ್ನೆಲ್ಲ ಸೋಲಿಸುತ್ತದೆ. ಮರುವರ್ಷವೂ ಅದೇ ಜೆರ್ಸಿ, ಅದೇ ಸ್ಟೇಡಿಯಂ, ಹೆಚ್ಚಿನ ಸಲ ಅದೇ ಕೋಚ್. ಆದರೆ ತಂಡ ಸೋಲುತ್ತಲೇ ಹೋಗುತ್ತದೆ. ಆಗ ಎಲ್ಲರದ್ದೂ ಒಂದೇ ರಾಗ. ಹುಡುಗರಿಗೆ ಸೊಕ್ಕು ಬಂದಿದೆ, ಗೆಲುವು ತಲೆಗೇರಿದೆ, ಹೊಟ್ಟೆ ತುಂಬಿದವರಿಗೆ ಹಸಿವೆಲ್ಲಿಂದ ಬರಬೇಕು?

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾಕಂದ್ರೆ ಬಹಳ ಸಲ ಆ ಗೆಲುವು ಈ ಹುಡುಗರದ್ದೇ ಅಲ್ಲ. ಗೆಲ್ಲಿಸಿದವರು ಹೊರಟುಹೋಗಿರುತ್ತಾರೆ. ಈಗ ಮೈದಾನದಲ್ಲಿ ಇರುವವರು ಆಗ ಬೆಂಚಿನ ಪಕ್ಕ ನಿಂತು ಚಪ್ಪಾಳೆ ತಟ್ಟಿದವರು. ತಮ್ಮದಲ್ಲದ ಗೆಲುವಿನ ಸೊಕ್ಕು ಅವರಿಗೆ ಹೇಗೆ ಬರುತ್ತದೆ?

ತಂಡ ಮರುವರ್ಷ ಒದ್ದಾಡುವುದಕ್ಕೆ ಕಾರಣ ಗೆದ್ದ ವರ್ಷದಲ್ಲೇ ಹುಟ್ಟಿಕೊಂಡಿರುತ್ತದೆ ಅನ್ನೋದು ನನ್ನ ನಂಬಿಕೆ. ಹಳಬರು ಒಂದೊಂದು ಪಂದ್ಯವನ್ನೂ ಹೆಣಗಾಡಿ ಗೆಲ್ಲಿಸುತ್ತಿರುವಾಗ ಹೊಸಬರನ್ನು ಇಳಿಸಲು ಯಾವ ಕೋಚಿಗೂ ಧೈರ್ಯ ಬರುವುದಿಲ್ಲ. ಇಡೀ ವರ್ಷ ಹಾಗೇ ಕಳೆದುಹೋಗುತ್ತದೆ. ಹಳಬರು ಪದವಿ ಮುಗಿಸಿ ಹೋದ ದಿನ ನೋಡಿದರೆ, ಉಳಿದವರಲ್ಲಿ ನಿಜವಾದ ಪಂದ್ಯ ಆಡಿದವರೇ ಕಡಿಮೆ.

ಮಿಷಿಗನ್ ಸ್ಟೇಟ್ ತಂಡವನ್ನೇ ನೋಡಿ. 2015ರಲ್ಲಿ 12 ಗೆಲುವು, 2 ಸೋಲು. ತಾನಿರುವ ಬಿಗ್ ಟೆನ್ ಲೀಗ್‌ನ ಚಾಂಪಿಯನ್ ಆಯಿತು. ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ, ಆಗ ನಾಲ್ಕೇ ತಂಡಗಳಿಗೆ ಜಾಗವಿದ್ದ ಪ್ಲೇಆಫ್‌ಗೂ ಹೋಯಿತು. ಅಲ್ಲಿ ಅಲಬಾಮಾ ಎದುರು 38-0 ಅಂತರದಲ್ಲಿ ಸೋತಿತು, ಆ ಮಾತು ಬೇರೆ. ಮರುವರ್ಷ, 2016ರಲ್ಲಿ, ಅದೇ ತಂಡ 3 ಪಂದ್ಯ ಗೆದ್ದು 9 ಸೋತಿತು. ಕೋಚ್ ಬದಲಾಗಿರಲಿಲ್ಲ, ಅದೇ ಮಾರ್ಕ್ ಡಾಂಟೋನಿಯೊ. ಒಂದೇ ವರ್ಷದಲ್ಲಿ ಅವರಿಗೆ ಆಟ ಹೇಳಿಕೊಡುವುದು ಮರೆತುಹೋಯಿತಾ? ಇಲ್ಲವಲ್ಲ.

2015ರ ಗೆಲುವುಗಳ ಅಂಕಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆರೆಗಾನ್ ವಿರುದ್ಧ 31-28. ಪರ್ಡ್ಯೂ ವಿರುದ್ಧ 24-21. ಬದ್ಧ ಎದುರಾಳಿ ಮಿಷಿಗನ್ ವಿರುದ್ಧ 27-23. ಒಹಾಯೊ ಸ್ಟೇಟ್ ವಿರುದ್ಧ 17-14. ಬಿಗ್ ಟೆನ್ ಫೈನಲ್‌ನಲ್ಲಿ ಅಯೋವಾ ವಿರುದ್ಧ 16-13. ಮಿಷಿಗನ್ ಪಂದ್ಯವಂತೂ ಕೈಬಿಟ್ಟೇ ಹೋಗಿತ್ತು. ಹತ್ತು ಸೆಕೆಂಡ್ ಉಳಿದಿದ್ದಾಗ ಮಿಷಿಗನ್‌ನವರು ಪಂಟ್ ಒದೆಯಬೇಕಿತ್ತು, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡಬೇಕಿತ್ತು. ಚೆಂಡು ಕೈಜಾರಿತು, ಮಿಷಿಗನ್ ಸ್ಟೇಟ್ ಹುಡುಗನೊಬ್ಬ ಅದನ್ನು ಹಿಡಿದು ಓಡಿ, ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ. ಒಹಾಯೊ ಸ್ಟೇಟ್ ಪಂದ್ಯ ಗೆದ್ದಿದ್ದೂ ಕೊನೆಯ ಒದೆತದಲ್ಲೇ.

ಇನ್ನು 2016. ಇಂಡಿಯಾನಾ ಎದುರು ಓವರ್‌ಟೈಮ್‌ನಲ್ಲಿ 24-21 ಸೋಲು. ಇಲಿನಾಯ್ ಎದುರು 31-27 ಸೋಲು. ಒಹಾಯೊ ಸ್ಟೇಟ್ ಎದುರು 17-16 ಸೋಲು. ಆ ಪಂದ್ಯದಲ್ಲಿ ಕೊನೆಯ ಕ್ವಾರ್ಟರ್‌ನಲ್ಲಿ ಟಚ್‌ಡೌನ್ ಮಾಡಿದ ಮೇಲೆ ಸಮಬಲ ಬೇಡ, ಗೆಲುವೇ ಬೇಕು ಅಂತ, ಒಂದು ಪಾಯಿಂಟಿನ ಸುಲಭದ ಒದೆತ ಬಿಟ್ಟು ಎರಡು ಪಾಯಿಂಟಿಗೆ ಪ್ರಯತ್ನಿಸಿದರು, ಫಲಿಸಲಿಲ್ಲ. ಉಳಿದ ಸೋಲುಗಳೆಲ್ಲ ಹೀಗೇ ಕೂದಲೆಳೆಯವು ಅಂತ ನಾನು ಹೇಳುತ್ತಿಲ್ಲ, ಕೆಲವು ಪಂದ್ಯಗಳಲ್ಲಿ ಚೆನ್ನಾಗಿಯೇ ಒದೆ ತಿಂದರು. ಆದರೆ ಹಿಂದಿನ ವರ್ಷ ಕೊನೆಯ ನಿಮಿಷದಲ್ಲಿ ಇವರ ಕಡೆ ವಾಲುತ್ತಿದ್ದ ಪಂದ್ಯಗಳು ಈ ವರ್ಷ ಅತ್ತ ವಾಲಿದವು. ಆ ಕೊನೆಯ ನಿಮಿಷದಲ್ಲಿ ಏನು ಮಾಡಬೇಕು ಅಂತ ಗೊತ್ತಿದ್ದವರು ಹೋಗಿದ್ದರು.

ಏನು ಗೊತ್ತಿತ್ತು ಅವರಿಗೆ? ಅಯೋವಾ ಎದುರಿನ ಆ ಫೈನಲ್‌ನ ಕೊನೆಯ ಡ್ರೈವ್, ಅಂದರೆ ಚೆಂಡು ಹಿಡಿದು ಮುನ್ನುಗ್ಗುವ ಸರದಿ, ಒಂದನ್ನೇ ತೆಗೆದುಕೊಳ್ಳಿ. ಮಿಷಿಗನ್ ಸ್ಟೇಟ್ 13-9 ಹಿಂದಿತ್ತು. ಚೆಂಡು ಸಿಕ್ಕಾಗ ಒಂಬತ್ತೂವರೆ ನಿಮಿಷ ಬಾಕಿ. ಅಲ್ಲಿಂದ 22 ಪ್ಲೇಗಳಲ್ಲಿ, ಅಂದರೆ 22 ಸಲ ಚೆಂಡು ಆಡಿಸಿ, 82 ಗಜ ತಳ್ಳಿಕೊಂಡು ಹೋದರು. ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಎದುರಾಳಿಗೆ ಚೆಂಡನ್ನೇ ಕೊಡಲಿಲ್ಲ. 27 ಸೆಕೆಂಡ್ ಉಳಿದಿದ್ದಾಗ ಎಲ್‌ಜೆ ಸ್ಕಾಟ್ ಎಂಬ ಹುಡುಗ, ಎದುರಾಳಿಗಳು ಹಿಡಿದು ನಿಲ್ಲಿಸಿದ್ದರೂ ಮೈ ತಿರುಗಿಸಿ, ಕೈ ಚಾಚಿ, ಚೆಂಡನ್ನು ಗೆರೆ ದಾಟಿಸಿದ.

ಸ್ಕಾಟ್ ಆಗ ಮೊದಲ ವರ್ಷದ ಹುಡುಗ. ಹಾಗಾದರೆ ಹೊಸಬನೇ ಗೆಲ್ಲಿಸಿದನಲ್ಲ ಅನ್ನಬಹುದು. ಹೌದು, ಗೆಲ್ಲಿಸಿದ. ಆದರೆ ಅವನ ಮುಂದೆ ದಾರಿ ಬಿಡಿಸುತ್ತಿದ್ದವರು ಯಾರು? ಸಾಲಿನ ನಡುವೆ ಸೆಂಟರ್ ಜಾಗದಲ್ಲಿ ಜ್ಯಾಕ್ ಆಲನ್, ಕೊನೆಯ ವರ್ಷದವನು. ಸಾಲಿನ ಎಡತುದಿಯಲ್ಲಿ ಟ್ಯಾಕಲ್ ಜ್ಯಾಕ್ ಕಾಂಕ್ಲಿನ್, ಕಾಲೇಜಿನಲ್ಲಿ ಅದು ಅವನ ನಾಲ್ಕನೇ ವರ್ಷ. ಚೆಂಡು ಎಸೆಯುತ್ತಿದ್ದ ಕ್ವಾರ್ಟರ್‌ಬ್ಯಾಕ್ ಕಾನರ್ ಕುಕ್ ಕೂಡ ಕೊನೆಯ ವರ್ಷದವನೇ. ಹೊಸ ಹುಡುಗನ ಸುತ್ತ ಹಳಬರು ನಿಂತಿದ್ದರು. 2016ರಲ್ಲೂ ಸ್ಕಾಟ್ ಇದ್ದ, ಚೆನ್ನಾಗಿಯೇ ಓಡಿದ. ಈ ಮೂವರು ಇರಲಿಲ್ಲ.

ಇಲ್ಲಿ ಆಫೆನ್ಸಿವ್ ಲೈನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಟಿವಿಯಲ್ಲಿ ನಾವು ಇವರನ್ನು ನೋಡುವುದೇ ಇಲ್ಲ, ಕಣ್ಣು ಯಾವಾಗಲೂ ಚೆಂಡಿನ ಹಿಂದೆ. ಐದು ಜನ ದೊಡ್ಡ ಆಳುಗಳು ಸಾಲಾಗಿ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುತ್ತಾರೆ. ಸುಮ್ನೆ ಎದುರಿನವನನ್ನು ತಳ್ಳುವ ಕೆಲಸ ಅಂದುಕೊಂಡರೆ ತಪ್ಪು. ಚೆಂಡು ಹೊರಡುವ ಮುಂಚೆ ಸೆಂಟರ್ ಎದುರಿನ ಸಾಲನ್ನು ಓದಿ, ಯಾರು ಯಾರನ್ನು ಹಿಡಿಯಬೇಕು ಅಂತ ಕೂಗಿ ಹೇಳುತ್ತಾನೆ. ಎದುರಿನವರೂ ದಡ್ಡರಲ್ಲ. ಚೆಂಡು ಹೊರಟ ಕೂಡಲೇ ಇಬ್ಬರು ಅಡ್ಡಡ್ಡ ಓಡಿ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಆಗ ಸೆಂಟರ್ ಪಕ್ಕದಲ್ಲಿರುವ ನಮ್ಮ ಗಾರ್ಡ್ ತನ್ನವನನ್ನು ಪಕ್ಕದ ಟ್ಯಾಕಲ್‌ಗೆ ಬಿಟ್ಟುಕೊಟ್ಟು, ಅತ್ತಲಿಂದ ಬರುವವನನ್ನು ತಾನು ಹಿಡಿಯಬೇಕು. ಕೂಗಿ ಹೇಳುವಷ್ಟು ಹೊತ್ತು ಇರುವುದಿಲ್ಲ. ಪಕ್ಕದವನ ಭುಜ ಯಾವ ಕಡೆ ತಿರುಗಿತು ಅನ್ನುವುದರಲ್ಲೇ ಗೊತ್ತಾಗಬೇಕು. ಇಬ್ಬರೂ ಒಬ್ಬನ ಹಿಂದೆಯೇ ಹೋದರೆ ಇನ್ನೊಬ್ಬ ನೇರ ಕ್ವಾರ್ಟರ್‌ಬ್ಯಾಕ್ ಎದೆಗೇ ಬಂದು ಬೀಳುತ್ತಾನೆ.

ಇದು ಜಿಮ್‌ನಲ್ಲಿ ಬರುವ ವಿದ್ಯೆಯಲ್ಲ. ವಿಡಿಯೊ ನೋಡಿ ಅರ್ಥ ಮಾಡಿಕೊಳ್ಳಬಹುದು, ಆದರೆ ಮೈಗೆ ಹತ್ತಬೇಕಾದರೆ ಅವರಿಬ್ಬರೂ ಅಕ್ಕಪಕ್ಕ ನಿಂತು ಪಂದ್ಯ ಆಡಿರಬೇಕು. ಅಭ್ಯಾಸಕ್ಕೂ ಮಿತಿ ಇದೆ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ನಿಯಮದ ಪ್ರಕಾರ ಸೀಸನ್ ನಡೆಯುವಾಗ ಕಡ್ಡಾಯ ಅಭ್ಯಾಸ ವಾರಕ್ಕೆ 20 ಗಂಟೆ ದಾಟುವಂತಿಲ್ಲ. ಆ 20 ಗಂಟೆಯಲ್ಲೂ ಹೆಚ್ಚಿನ ಪಾಲು ಪಂದ್ಯದ ದಿನ, ಶನಿವಾರ, ಆಡಬೇಕಾದವರಿಗೇ ಹೋಗುತ್ತದೆ. ಎರಡನೇ ಸಾಲಿನ, ಅಂದರೆ ಬದಲಿ, ಹುಡುಗ ಎಷ್ಟೋ ಸಲ ಎದುರಾಳಿ ತಂಡದ ಆಟವನ್ನು ನಕಲು ಮಾಡಿ ತೋರಿಸುವುದರಲ್ಲೇ ವಾರ ಕಳೆಯುತ್ತಾನೆ. ತನ್ನ ತಂಡದ ಆಟ ಅವನಿಗೆ ಸಿಗುವುದೇ ಕಡಿಮೆ.

ಕಾಂಕ್ಲಿನ್ ಕಥೆ ಗೊತ್ತಿದ್ದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡ ಕಾಲೇಜುಗಳು ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ವಾಕ್‌ಆನ್ ಆಗಿ, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ, ತಂಡಕ್ಕೆ ಬಂದ. ಮೊದಲ ವರ್ಷ ರೆಡ್‌ಶರ್ಟ್, ಅಂದರೆ ಅಭ್ಯಾಸ ಮಾತ್ರ, ಪಂದ್ಯವಿಲ್ಲ. ಆಮೇಲೆ ಮೂರು ವರ್ಷ ಆಡಿದ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2016ರಲ್ಲಿ, ಟೆನೆಸಿ ಟೈಟನ್ಸ್ ಅವನನ್ನು ಎಂಟನೆಯವನಾಗಿ ಆರಿಸಿಕೊಂಡಿತು. ಇನ್ನೂ ಒಂದು ವರ್ಷ ಕಾಲೇಜಿನಲ್ಲಿ ಆಡಬಹುದಿತ್ತು, ಆಡಲಿಲ್ಲ. ಯಾಕೆ ಆಡಬೇಕು? ಹೈಸ್ಕೂಲು ಮುಗಿದು ಮೂರು ವರ್ಷವಾದರೆ ವೃತ್ತಿಪರ ಲೀಗ್‌ಗೆ ಹೋಗಬಹುದು ಅನ್ನುವುದು ನಿಯಮ. ತಂಡ ಗೆದ್ದಷ್ಟೂ ಹುಡುಗರು ಕಣ್ಣಿಗೆ ಬೀಳುತ್ತಾರೆ, ಬೇಗ ಹೋಗುತ್ತಾರೆ. ಅದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ.

ಇನ್ನೊಂದು ವಿಷಯ. ಅನುಭವ ಅಂದರೆ ವಯಸ್ಸಲ್ಲ. 2016ರಲ್ಲಿ ಮಿಷಿಗನ್ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಆಗಿ ಸೀಸನ್ ಶುರು ಮಾಡಿದ ಟೈಲರ್ ಓಕಾನರ್ ಐದನೇ ವರ್ಷದ ವಿದ್ಯಾರ್ಥಿ. ಅಷ್ಟು ವರ್ಷವೂ ಬಹುಪಾಲು ಕುಕ್ ಹಿಂದೆ ಕಾದಿದ್ದ. 2015ರಲ್ಲಿ ಕುಕ್‌ಗೆ ಪೆಟ್ಟಾದಾಗ ಒಹಾಯೊ ಸ್ಟೇಟ್ ಎದುರು ಇಳಿದ, ತಂಡ ಗೆದ್ದಿತು. ಅದು ಬಿಟ್ಟರೆ ಕಾಯುವುದೇ ಕೆಲಸವಾಗಿತ್ತು. ಕ್ಯಾಂಪಸ್ಸಿನಲ್ಲಿ ಹಳಬ, ಮೈದಾನದಲ್ಲಿ ಹೊಸಬ. ಇಂಥವನನ್ನು ಸೀನಿಯರ್ ಅಂತ ಕರೆದು, ಸೀನಿಯರ್ ಆಗಿ ಹೀಗೆ ಆಡುತ್ತೀಯಾ ಅಂತ ಬೈಯುವುದು ಎಂಥ ನ್ಯಾಯ?

ಹಾಗಾದರೆ ಗೆದ್ದ ತಂಡಗಳೆಲ್ಲ ಮರುವರ್ಷ ಬೀಳುತ್ತವಾ? ಇಲ್ಲ. ಜಾರ್ಜಿಯಾ ಬೀಳಲಿಲ್ಲ. 2021ರಲ್ಲಿ ಚಾಂಪಿಯನ್ ಆದ ಆ ತಂಡದಿಂದ 15 ಜನ ಡ್ರಾಫ್ಟ್ ಆದರು. ಮೊದಲ ಸುತ್ತಿನಲ್ಲೇ ಡಿಫೆನ್ಸ್‌ನ ಐದು ಜನ ಹೋದರು. ಆದರೂ 2022ರಲ್ಲಿ 15 ಪಂದ್ಯಕ್ಕೆ 15 ಗೆದ್ದು, ಫೈನಲ್‌ನಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿಯ (ಟಿಸಿಯು) ತಂಡವನ್ನು 65-7 ಅಂತರದಲ್ಲಿ ಪುಡಿಮಾಡಿತು. ಒಳ್ಳೆಯ ಹುಡುಗರನ್ನು ಆರಿಸಿ ತರುವ ಶಕ್ತಿ ಜಾರ್ಜಿಯಾಗೆ ಜಾಸ್ತಿ, ಅದು ನಿಜ. ಕ್ವಾರ್ಟರ್‌ಬ್ಯಾಕ್ ಸ್ಟೆಟ್ಸನ್ ಬೆನೆಟ್ ಉಳಿದುಕೊಂಡಿದ್ದ, ಅದೂ ನಿಜ. ಆದರೆ 2021ರಲ್ಲಿ ಅವರು ಹೇಗೆ ಗೆದ್ದರು ನೋಡಿ. ವ್ಯಾಂಡರ್‌ಬಿಲ್ಟ್ ಎದುರು 62-0. ಅರ್ಕನ್ಸಾ ಎದುರು 37-0. ಜಾರ್ಜಿಯಾ ಟೆಕ್ ಎದುರು 45-0. ಇಂಥ ಪಂದ್ಯಗಳು ಅರ್ಧದಲ್ಲೇ ಮುಗಿದಿರುತ್ತವೆ. ಉಳಿದರ್ಧ ಎರಡನೇ ಸಾಲಿನ ಹುಡುಗರದ್ದು. ಅಲ್ಲಿ ಅವರು ತಪ್ಪು ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಕಲಿಯುತ್ತಾರೆ. ಸ್ಕೋರಿಗೆ ಏನೂ ಆಗುವುದಿಲ್ಲ. 17-14 ಅಂತ ಗೆಲ್ಲುವ ತಂಡಕ್ಕೆ ಈ ಭಾಗ್ಯವೇ ಇಲ್ಲ. ಕೊನೆಯ ಸೆಕೆಂಡಿನವರೆಗೂ ಹಳಬರೇ ಬೇಕು. ಎರಡು ತಂಡಗಳ ಗೆಲುವಿನ ಲೆಕ್ಕ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತದೆ, ಬೆಂಚಿನ ಸ್ಥಿತಿ ಮಾತ್ರ ಪೂರ್ತಿ ಬೇರೆ. ಟಿಸಿಯು ಗತಿಯೇ ನೋಡಿ. ಆ ಫೈನಲ್‌ವರೆಗೆ ಹೋದ ತಂಡ ಮರುವರ್ಷ 5 ಗೆದ್ದು 7 ಸೋತಿತು.

ಕೆಲವೊಮ್ಮೆ ಹುಡುಗರ ಜೊತೆ ಕೋಚ್‌ಗಳೂ ಹೋಗುತ್ತಾರೆ. ಲೂಯಿಸಿಯಾನಾ ಸ್ಟೇಟ್ (ಎಲ್‌ಎಸ್‌ಯು) 2019ರಲ್ಲಿ 15-0, ಅಂದರೆ 15 ಗೆಲುವು, ಸೋಲೇ ಇಲ್ಲ. ಕ್ವಾರ್ಟರ್‌ಬ್ಯಾಕ್ ಜೋ ಬರೋ ಸೇರಿ 14 ಜನ ಡ್ರಾಫ್ಟ್ ಆದರು. ಪಾಸಿಂಗ್ ಆಟ ಕಟ್ಟಿದ ಜೋ ಬ್ರೇಡಿ ಎನ್‌ಎಫ್‌ಎಲ್‌ಗೆ ಹೋದರು. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಡೇವ್ ಅರಾಂಡಾ ಬೇಲರ್‌ಗೆ ಮುಖ್ಯ ಕೋಚ್ ಆಗಿ ಹೋದರು. 2020 ಕೋವಿಡ್ ವರ್ಷ ಬೇರೆ. ಮೊದಲ ಪಂದ್ಯದಲ್ಲೇ ಮಿಸಿಸಿಪಿ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಇವರ ಮೇಲೆ ಪಾಸ್‌ಗಳಲ್ಲೇ ಒಟ್ಟು 623 ಗಜ ಗಳಿಸಿದ. ವರ್ಷ ಮುಗಿದಾಗ 5-5. ಹೊಸ ಕೋಚ್ ಬಂದರೆ ಹಳೇ ಹುಡುಗನೂ ಹೊಸಬನೇ. ಅದೇ ಆಟಕ್ಕೆ ಹೊಸ ಹೆಸರು, ಹೊಸ ಸನ್ನೆ, ಎಲ್ಲ ಮತ್ತೆ ಶುರುವಿನಿಂದ.

ಹೊರಗಿನಿಂದ ಅನುಭವ ತಂದರೆ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಇದೆಯಲ್ಲ. ಫ್ಲಾರಿಡಾ ಸ್ಟೇಟ್ ಅದನ್ನೂ ಮಾಡಿ ನೋಡಿತು. 2023ರಲ್ಲಿ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಮುಂಚೆ 13-0 ಇದ್ದ ತಂಡ. ಹತ್ತು ಜನ ಡ್ರಾಫ್ಟ್ ಆದರು. ಖಾಲಿ ಜಾಗಕ್ಕೆ ಬೇರೆ ಕಾಲೇಜುಗಳಿಂದ ಹಳಬರನ್ನು ಕರೆತಂದರು. ಕ್ವಾರ್ಟರ್‌ಬ್ಯಾಕ್ ಕೂಡ ಹಾಗೇ ಬಂದವನು. 2024 ಶುರುವಾಗುವ ಮುಂಚೆ ಎಪಿ ಸುದ್ದಿಸಂಸ್ಥೆಯ ತಂಡಗಳ ಪಟ್ಟಿಯಲ್ಲಿ 10ನೇ ಸ್ಥಾನ. ಮುಗಿದಾಗ 2 ಗೆಲುವು, 10 ಸೋಲು. ಒಬ್ಬೊಬ್ಬರಾಗಿ ನೋಡಿದರೆ ಎಲ್ಲರಿಗೂ ಅನುಭವವಿತ್ತು. ಒಟ್ಟಿಗೆ ಆಡಿದ ಅನುಭವ ಇರಲಿಲ್ಲ. ಆ ಭುಜ ತಿರುಗುವ ಭಾಷೆಯನ್ನು ಪೋರ್ಟಲ್‌ನಿಂದ ತರಲು ಬರುವುದಿಲ್ಲ.

ಮೈದಾನದ ಹೊರಗಿನ ತಪ್ಪುಗಳಿಗೆ ಮಾತ್ರ ನಾನು ವಯಸ್ಸಿನ ನೆಪ ಕೊಡುವವನಲ್ಲ. 2017ರಲ್ಲಿ ಮಿಷಿಗನ್ ಸ್ಟೇಟ್ ಕೆಲವು ಆಟಗಾರರನ್ನು ಗಂಭೀರ ಕ್ರಿಮಿನಲ್ ಆರೋಪಗಳ ಮೇಲೆ ತಂಡದಿಂದ ಹೊರಹಾಕಿತು. ಅದಕ್ಕೂ ಅನುಭವದ ಕೊರತೆಗೂ ಸಂಬಂಧವಿಲ್ಲ. ನಾನು ಹೇಳುತ್ತಿರುವುದು ಚೆಂಡು ಬಿಟ್ಟ ಹುಡುಗನ ಬಗ್ಗೆ, ಗುರುತು ಹಿಡಿಯದೆ ಎದುರಾಳಿಯನ್ನು ಒಳಗೆ ಬಿಟ್ಟ ಹುಡುಗನ ಬಗ್ಗೆ. ಹತ್ತೊಂಬತ್ತು ವರ್ಷದ ಅಂಥ ಹುಡುಗನ ಸೋಷಿಯಲ್ ಮೀಡಿಯಾ ಖಾತೆಗೆ ಹೋಗಿ ಬಾಯಿಗೆ ಬಂದಂತೆ ಬರೆಯುತ್ತಾರಲ್ಲ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

3-9 ಆದ ಮೇಲೂ ಡಾಂಟೋನಿಯೊ ಅವರನ್ನು ಕಾಲೇಜು ತೆಗೆಯಲಿಲ್ಲ. ಸೋತ ವರ್ಷದಲ್ಲಿ ಆಡಿದ ಹುಡುಗರಲ್ಲಿ ಬಹಳ ಜನ 2017ರಲ್ಲೂ ಇದ್ದರು. ಸೆಂಟರ್ ಜಾಗದಲ್ಲಿ ಜ್ಯಾಕ್ ಆಲನ್ ತಮ್ಮ ಬ್ರಯನ್ ನಿಂತ, ಅವನಿಗೆ ಅದು ಕೊನೆಯ ವರ್ಷ. ಆ ವರ್ಷ ಮಿಷಿಗನ್ ಅನ್ನು ಅವರ ಮೈದಾನದಲ್ಲೇ, ಸುರಿಯುವ ಮಳೆಯಲ್ಲಿ, 14-10 ಸೋಲಿಸಿದರು. ಅದೇ ಅಕ್ಟೋಬರ್ ಕೊನೆಯಿಂದ ಶುರುವಾದ ಮೂರು ವಾರ ಇನ್ನೂ ಚೆನ್ನಾಗಿದೆ. ನಾರ್ತ್‌ವೆಸ್ಟರ್ನ್ ಎದುರು ಮೂರು ಓವರ್‌ಟೈಮ್ ಆಡಿ ಸೋತರು. ಮುಂದಿನ ವಾರ ಪೆನ್ ಸ್ಟೇಟ್ ಎದುರು ಸಿಡಿಲಿನ ಕಾರಣಕ್ಕೆ ಪಂದ್ಯ ಮೂರು ಗಂಟೆಗೂ ಹೆಚ್ಚು ನಿಂತಿತು, ಕೊನೆಗೆ ಮೊದಲ ಸೀಸನ್ ಆಡುತ್ತಿದ್ದ ಕಿಕರ್ ಮ್ಯಾಟ್ ಕಾಗ್ಲಿನ್ ಕೊನೆಯ ಒದೆತದಲ್ಲಿ 27-24 ಗೆಲ್ಲಿಸಿದ. ಅದರ ಮುಂದಿನ ವಾರ ಒಹಾಯೊ ಸ್ಟೇಟ್ ಎದುರು 48-3 ಸೋಲು. ಎಳೆಯ ತಂಡ ಹೀಗೇ ಇರುತ್ತದೆ. ಆಮೇಲೆ ಉಳಿದ ಮೂರೂ ಪಂದ್ಯ ಗೆದ್ದು 10-3ಕ್ಕೆ ಮುಗಿಸಿದರು.

ನನಗಿರುವ ಭಯ ಈಗಿನದ್ದು. ಆಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಆ ತಡೆ ಸಡಿಲವಾಯಿತು. ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುತ್ತವೆ. ಹುಡುಗರಿಗೆ ದುಡ್ಡು ಸಿಗಬೇಕಾದದ್ದೇ, ಅವರ ದುಡಿಮೆಯಿಂದ ಎಲ್ಲರೂ ಗಳಿಸುತ್ತಿದ್ದಾಗ ಅವರೊಬ್ಬರೇ ಬರಿಗೈಯಲ್ಲಿ ಇದ್ದರು. ಆದರೆ ಇಂದು ಒಂದು ತಂಡ 3-9 ಆದರೆ ಕೋಚ್ ಉಳಿಯುವುದು ಕಷ್ಟ. ಕೋಚ್ ಹೋದರೆ ಅರ್ಧ ತಂಡ ಪೋರ್ಟಲ್‌ನಲ್ಲಿರುತ್ತದೆ. ಸೋತು ಕಲಿತ ಹುಡುಗ, ಕಲಿತದ್ದನ್ನು ಬೇರೆ ಜೆರ್ಸಿ ಹಾಕಿಕೊಂಡು ಆಡುತ್ತಾನೆ. ಈ ತಂಡ ಮತ್ತೆ ಹೊಸಬರಿಂದ ಶುರು ಮಾಡುತ್ತದೆ. ಗೆಲ್ಲುತ್ತಿರುವ ತಂಡಗಳ ಕೋಚ್‌ಗಳು ಮೂರನೇ ಕ್ವಾರ್ಟರ್‌ನಲ್ಲಿ ಮೂರು ಟಚ್‌ಡೌನ್ ಮುಂದಿದ್ದರೆ ಎರಡನೇ ಸಾಲಿನವರನ್ನು ಇಳಿಸಲಿ. ಅವರು ಒಂದೆರಡು ಟಚ್‌ಡೌನ್ ಬಿಟ್ಟುಕೊಟ್ಟರೆ ನಾವು ಫ್ಯಾನ್‌ಗಳು ಬೊಬ್ಬೆ ಹೊಡೆಯದೆ ಕೂರೋಣ.