ಬೆಳಗಿನ ಮೊದಲ ಬಿಂದಿಗೆ

ನಿನ್ನೆ ಸಂಜೆಯಿಂದ ಹೊಟ್ಟೆಯೊಳಗೆ ಒಂದು ಸಿಟ್ಟು ಕುದೀತಾ ಇದೆ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಪಕ್ಕದ ಮನೆಯಲ್ಲಿ ಅಡುಗೆಮನೆ, ಬಚ್ಚಲು ಎಲ್ಲ ಹೊಸದು ಮಾಡಿಸ್ತಿದಾರೆ. ಮೈಸೂರಿನ ನಮ್ಮ ಅಗ್ರಹಾರದ ಬೀದಿ ನಿಮಗೆ ಗೊತ್ತಲ್ಲ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನೋ ಅಷ್ಟು ಹತ್ತಿರ. ಮೀಟರ್ ಹತ್ತಿರ ಗುಂಡಿ ತೋಡಿದ್ದರು. ಬಗ್ಗಿ ನೋಡಿದೆ. ಬೀದಿ ಲೈನಿನಿಂದ ಮೀಟರಿಗೆ ಬರೋ ಒಂದೂವರೆ ಅಡಿ ತುಂಡು, ಬೂದು ಬಣ್ಣ, ಕೇರೆಹಾವಿನ ಹಾಗೆ ಬಾಗಿಕೊಂಡು ಮಲಗಿತ್ತು. ಸೀಸದ ಪೈಪು, ಲೆಡ್ ಅಂತಾರಲ್ಲ, ಆ ವಿಷದ ಲೋಹ. ಪ್ಲಂಬರ್ ಹುಡುಗ ಅದರ ಬಾಯಿ ಕೊಯ್ದು, ಸುತ್ತಿಗೆಯಲ್ಲಿ ಬಡಿದು ಅಗಲ ಮಾಡಿ, ಅದಕ್ಕೇ ಹೊಸ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಜೋಡಿಸ್ತಿದ್ದ.

"ಅದನ್ನ ಕಿತ್ತು ಹಾಕಪ್ಪ" ಅಂದೆ. "ಇರಲಿ ಬಿಡಿ ಮೇಡಂ, ಹಳೇ ಕಾಲದ ಗಟ್ಟಿ ಮಾಲು, ತುಕ್ಕೇ ಹಿಡಿಯಲ್ಲ" ಅಂದ. ಮನೆ ಯಜಮಾನರು ಬಂದು, "ನೀರು ಚೆನ್ನಾಗೇ ಬರುತ್ತಲ್ಲ, ಬಿಡಿ" ಅಂದರು. ಕತ್ತಲಾಗೋದರೊಳಗೆ ಸಿಮೆಂಟು ಬಿತ್ತು.

ನೀರು ಚೆನ್ನಾಗೇ ಬರುತ್ತೆ! ನನ್ನ ಸಿಟ್ಟೆಲ್ಲ ಈ ಮಾತಿನ ಮೇಲೆ. ಲೋಟ ಬೆಳಕಿಗೆ ಹಿಡಿದು, ಕೆಂಪಗಿಲ್ಲ, ವಾಸನೆ ಇಲ್ಲ, ಆಯ್ತು ಅಂತೀವಿ. ನೀರಿಗೆ ಇಳಿದ ಸೀಸಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಇರೋ ಅಷ್ಟರಲ್ಲಿ ರುಚಿಯೂ ತಿಳಿಯಲ್ಲ. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ಐಎಸ್ 10500 ಇಟ್ಟಿರೋ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಸೀಸ ಒಂದು ಲಕ್ಷ ಲೀಟರ್ ನೀರಿಗೆ. ಇದನ್ನ ಯಾವ ಕಣ್ಣು ಕಂಡುಹಿಡಿಯುತ್ತೆ, ಹೇಳಿ?

ಇಷ್ಟು ಮಾತಾಡೋಕೆ ಕಾರಣ, ಆರು ತಿಂಗಳ ಹಿಂದೆ ನಮ್ಮ ಮನೆ ಮುಂದೆಯೂ ಇಂಥದ್ದೇ ತುಂಡು ಸಿಕ್ಕಿತ್ತು. ಬೀಗದ ಕೈಯಲ್ಲಿ ಕೆರೆದೆ, ಬೆಣ್ಣೆ ಕೆರೆದ ಹಾಗೆ ಕೆರೀತು, ಒಳಗೆ ಬೆಳ್ಳಿ ಥರ ಹೊಳೀತು. ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲ್ ಗೆರೆಯ ಹಾಗೆ ಗೆರೆ. ಆಯಸ್ಕಾಂತ ಅಂಟಲಿಲ್ಲ. ಒಂದು ಲ್ಯಾಬಿಗೆ ಎರಡು ಬಾಟಲಿ ನೀರು ಕೊಟ್ಟೆ. ಒಂದು, ಬೆಳಿಗ್ಗೆ ನಲ್ಲಿ ತಿರುಗಿಸಿದ ತಕ್ಷಣ ಹಿಡಿದದ್ದು. ಇನ್ನೊಂದು, ಐದು ನಿಮಿಷ ಬಿಟ್ಟು ಹಿಡಿದದ್ದು. ಎರಡನೆಯದು ಮಿತಿಯೊಳಗೆ. ಮೊದಲನೆಯದು ಮಿತಿ ದಾಟಿತ್ತು.

ಆ ರಿಪೋರ್ಟ್ ಹಿಡಿದುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆ ಅಂತ ನನಗೇ ಗೊತ್ತಿಲ್ಲ. ಯಾಕೆ ಅಂದರೆ, ಬೆಳಗಿನ ಮೊದಲ ನೀರೇ ನಮ್ಮ ಮನೆಯ ಕುಡಿಯೋ ನೀರು. ಅಮ್ಮ ಕಲಿಸಿದ್ದು. ಮುಸುರೆ ಕೈ ತಾಗೋ ಮೊದಲು, ಯಾರೂ ಏಳೋ ಮೊದಲು, ಮಡಿಯಲ್ಲಿ ಮೊದಲ ಬಿಂದಿಗೆ ತುಂಬಬೇಕು. ದೇವರಿಗೆ ಒಂದು ತಂಬಿಗೆ, ಮಿಕ್ಕಿದ್ದು ಕುಡಿಯೋಕೆ, ಅನ್ನಕ್ಕೆ, ಸಾರಿಗೆ. ನಲವತ್ತು ವರ್ಷ ಹಾಗೇ ಮಾಡಿದೀನಿ. ರಾತ್ರಿಯೆಲ್ಲ ಪೈಪಿನೊಳಗೆ ನಿಂತ ನೀರಿಗೆ ಸೀಸ ಹೆಚ್ಚು ಇಳಿಯುತ್ತೆ, ಆ ನೀರೇ ನನ್ನ ಮೊದಲ ಬಿಂದಿಗೆ. ಮೊಮ್ಮಗ ಬಂದಾಗ ಅದನ್ನೇ ಹತ್ತು ನಿಮಿಷ ಕುದಿಸಿ ಆರಿಸಿ ಕೊಡ್ತಿದ್ದೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಸೀಸ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತೆ. ನಾನು ಕಾಳಜಿ ಅಂದುಕೊಂಡು ಮಾಡಿದ್ದು ಅದು. ಅವನ ರಕ್ತ ಪರೀಕ್ಷೆ ಮಾಡಿಸಿದೆವು, ಡಾಕ್ಟರು ಗಾಬರಿ ಬೇಡ, ಆರು ತಿಂಗಳಿಗೆ ಇನ್ನೊಮ್ಮೆ ನೋಡೋಣ ಅಂದಿದಾರೆ. ಆ ಆರು ತಿಂಗಳು ಈಗ ತುಂಬ್ತಾ ಇದೆ.

ಇನ್ನೊಂದು ಮಾತು, ಮನೆಯಲ್ಲಿ ಯಾರಿಗೂ ಹೇಳಿಲ್ಲ. ನನ್ನ ಮಗಳು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಮಗ್ಗಿ ತಲೆಗೆ ಹತ್ತುತ್ತಿರಲಿಲ್ಲ ಅಂತ ಅವಳಿಗೆ ಎಷ್ಟು ಸಲ ಹೊಡೆದಿದೀನಿ. ಸೀಸದಿಂದಲೇ ಹಾಗಾಯ್ತು ಅಂತ ಯಾರೂ ಹೇಳೋಕಾಗಲ್ಲ, ನಾನೂ ಹೇಳ್ತಿಲ್ಲ. ಆದರೆ ಮಕ್ಕಳ ಕಲಿಕೆ, ಗಮನ ಎರಡನ್ನೂ ಸೀಸ ಸದ್ದಿಲ್ಲದೆ ಕೆಡಿಸುತ್ತೆ ಅಂತ ಓದಿದ ರಾತ್ರಿ, ಹೊಡೆದ ಈ ಕೈಯನ್ನೇ ನೋಡ್ತಾ ಕೂತಿದ್ದೆ.

"ನಮ್ಮ ತಾತ ಇದೇ ನೀರು ಕುಡಿದು ತೊಂಬತ್ತು ವರ್ಷ ಬಾಳಿದರು" ಅಂತ ಯಜಮಾನರು ನಿನ್ನೆ ಹೇಳಿದರು. ಬಾಳಿರಬಹುದು. ಸೀಸ ತಾತನನ್ನ ಕೊಲ್ಲುತ್ತೆ ಅಂತ ನಾನು ಹೇಳಿದೆನಾ? ಅದು ಹುಡುಕಿಕೊಂಡು ಹೋಗೋದು ಮಗುವನ್ನ. ದೊಡ್ಡವರ ಮೈ ಹೀರಿಕೊಳ್ಳೋದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಮಗುವಿನ ಮೈ ಹೀರಿಕೊಳ್ಳುತ್ತೆ. ರಕ್ತದಲ್ಲಿ ಇಷ್ಟಿದ್ದರೆ ಅಪಾಯ ಇಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದೊಡ್ಡವರಲ್ಲಿ ಅದು ಮೂಳೆಗೆ ಹೋಗಿ ಕೂರುತ್ತೆ, ಬಸುರಾದಾಗ ಮೂಳೆಯಿಂದ ರಕ್ತಕ್ಕೆ ಇಳಿದು ಹೊಟ್ಟೆಯಲ್ಲಿರೋ ಕೂಸಿಗೆ ತಲುಪುತ್ತೆ. ಆ ಮನೆಯ ಸೊಸೆಗೆ ಈಗ ಐದು ತಿಂಗಳು. ಇದನ್ನ ಬೀದಿಯಲ್ಲಿ ನಿಂತು ಹೇಳೋಕಾಗದೆ ನಾಲಿಗೆ ಕಚ್ಚಿಕೊಂಡೆ.

ಪೈಪಿನ ಒಳಗೆ ಸುಣ್ಣದ ಪದರ ಕಟ್ಟಿರುತ್ತೆ, ಸೀಸ ನೀರಿಗೆ ತಾಗಲ್ಲ, ಏನೂ ಆಗಲ್ಲ ಅನ್ನೋ ತಿಳಿದವರೂ ಇದಾರೆ. ಪದರ ಕಟ್ಟೋದು ನಿಜ. ಅಮೆರಿಕದ ಫ್ಲಿಂಟ್ ಊರಲ್ಲೂ ಕಟ್ಟಿತ್ತು. 2014ರಲ್ಲಿ ಅಲ್ಲಿ ನೀರಿನ ಮೂಲ ಬದಲಾಯಿಸಿದರು, ಪೈಪು ಸವೆಯದಂತೆ ಹಾಕಬೇಕಾದ ಔಷಧಿ ಹಾಕಲಿಲ್ಲ. ಪದರ ಕಿತ್ತು ಬಂತು, ಮಕ್ಕಳ ರಕ್ತಕ್ಕೆ ಸೀಸ ಸೇರಿತು. ನಮಗೂ ಬರೋದು ಒಂದೇ ನೀರಲ್ಲ. ಮೈಸೂರಿಗೆ ಕಾವೇರಿಯೂ ಬರುತ್ತೆ, ಕಬಿನಿಯೂ ಬರುತ್ತೆ, ಬೇಸಿಗೆಯಲ್ಲಿ ಟ್ಯಾಂಕರ್ ಬೋರ್‌ವೆಲ್ ನೀರೂ ಬರುತ್ತೆ. ಅದೂ ಹೋಗಲಿ, ನಿನ್ನೆ ಆ ಹುಡುಗ ಕೊಯ್ದು ಬಡಿದನಲ್ಲ, ಪದರ ಎಲ್ಲಿ ಉಳೀತು? ಅರ್ಧ ಕಿತ್ತು ಅರ್ಧ ಬಿಟ್ಟರೆ ಕೆಲವು ದಿನ, ಕೆಲವೊಮ್ಮೆ ತಿಂಗಳುಗಟ್ಟಲೆ, ಸೀಸ ಮೊದಲಿಗಿಂತ ಹೆಚ್ಚೇ ಬರುತ್ತೆ.

ನೀರು ಸೋಸೋ ಆರ್‌ಒ ಮೆಷಿನ್ ಇದೆಯಲ್ಲ ಅಂತೀರಿ. ಆರ್‌ಒ ಸೀಸ ತೆಗೆಯುತ್ತೆ, ಒಪ್ಪಿದೆ. ಬೇಳೆ ಬೇಯಿಸೋ ನೀರು ಯಾವ ನಲ್ಲಿಯದು?

ಪೆಟ್ರೋಲಿನಿಂದ ಸೀಸ ಹೋಗಿದ್ದು 2000ದಲ್ಲಿ. ಮನೆ ಬಣ್ಣಕ್ಕೆ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಪಿವಿಸಿ ಪೈಪು ಬಿಸಿಗೆ ಕೆಡದಿರಲಿ ಅಂತ ಸೇರಿಸ್ತಿದ್ದ ಸೀಸ ತೆಗೆಯೋಕೆ ಕೇಂದ್ರ ಸರ್ಕಾರ ನಿಯಮ ತಂದದ್ದು 2021ರಲ್ಲಿ. ನಮ್ಮ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅಂಥವರು ವರ್ಷಗಟ್ಟಲೆ ಸೀಸದ ವಿಷದ ಬಗ್ಗೆ ಹೇಳ್ತಾ ಬಂದರು. ಆದರೆ ಯಾವ ನಿಯಮವೂ ನಮ್ಮ ಮನೆ ಮುಂದಿನ ಗುಂಡಿಗೆ ಇಳಿಯಲ್ಲ. ಗ್ರಾನೈಟಿಗೆ ಮೂರು ಅಂಗಡಿ ಸುತ್ತುತೀವಿ, ಮಾಡ್ಯುಲರ್ ಕಿಚನ್ ಬಣ್ಣಕ್ಕೆ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡ್ತೀವಿ. ಪೈಪು, ನಲ್ಲಿ ಮಾತ್ರ ಪ್ಲಂಬರ್ ತಂದದ್ದೇ ಸರಿ. ಹಿತ್ತಾಳೆ ನಲ್ಲಿಯಲ್ಲೂ ಸೀಸ ಬೆರೆಸಿರ್ತಾರೆ, ಯಾರಾದರೂ ಕೇಳಿದೀವಾ? ಪ್ಲಂಬರ್ ಅನ್ನೋ ಹೆಸರು ಬಂದಿರೋದೇ ಲ್ಯಾಟಿನ್ನಿನ ಪ್ಲಂಬಮ್‌ನಿಂದ. ಅಂದರೆ ಸೀಸ.

ನಮ್ಮ ಮನೆಯ ತುಂಡಿಗೆ ಗುಜರಿಯವನು ಒಳ್ಳೇ ರೇಟು ಹೇಳಿದ. ಕೊಡಲಿಲ್ಲ. ಕರಗಿ ಇನ್ಯಾರ ಮನೆ ಪಾತ್ರೆಯ ಕಲಾಯಿಗೆ ಸೇರುತ್ತೋ ಅಂತ ಭಯ. ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದೀನಿ.

ಇವತ್ತು ಬೆಳಿಗ್ಗೆ ಐದೂವರೆಗೆ ನೀರು ಬಿಟ್ಟರು. ಆ ಮನೆ ಸೊಸೆ ಬಿಂದಿಗೆ ಹಿಡಿದು ನಲ್ಲಿ ಮುಂದೆ ನಿಂತಿದ್ದಳು. ತಡೆಯೋಕಾಗಲಿಲ್ಲ. "ಮೊದಲ ಎರಡು ಬಕೆಟ್ ಗಿಡಕ್ಕೆ ಬಿಡಮ್ಮ, ಆಮೇಲೆ ಹಿಡಿ" ಅಂದೆ. "ಯಾಕೆ ಆಂಟಿ?" ಅಂದಳು. ಕಾಂಪೌಂಡ್ ಮೇಲೆ ಕೈಯಿಟ್ಟು, ಎಲ್ಲ ಹೇಳಿದೆ. ಇದು ಪೈಪು ಕೀಳೋವರೆಗೆ ಮಾತ್ರ, ಕೀಳಲೇಬೇಕು ಅಂತಲೂ ಹೇಳಿದೆ. ಅವಳು ಮಾತಾಡದೆ ತುಂಬಿದ ಬಿಂದಿಗೆಯನ್ನ ದಾಸವಾಳದ ಬುಡಕ್ಕೆ ಸುರಿದಳು. ಲ್ಯಾಬಿನ ರಿಪೋರ್ಟ್ ಕೊಡಿ, ಸಂಜೆ ಮಾವನಿಗೆ ತೋರಿಸ್ತೀನಿ ಅಂದಿದಾಳೆ.