ಕಬ್ಬಿಣದ ಮರ, ಮೂರಡಿಯ ಕೆರೆ

ಆಂಧ್ರದ ಕೊಲ್ಲೇರು ಕೆರೆಯ ಪಕ್ಷಿಧಾಮದ ಗಡಿಗೆರೆಯನ್ನು ಐದಡಿ ಮಟ್ಟದಿಂದ ಮೂರಡಿಗೆ ಇಳಿಸಬೇಕು ಅನ್ನೋ ಮಾತು ಮತ್ತೆ ಪೇಪರಿನಲ್ಲಿ ಕಂಡಿತು. ಇದು ಮಳೆಗಾಲದ ಕಪ್ಪೆಯ ಹಾಗೆ. ಆಗಾಗ ಎದ್ದು ವಟಗುಟ್ಟಿ ಸುಮ್ಮನಾಗುತ್ತದೆ. ನನಗೇನೂ ಆಶ್ಚರ್ಯವಾಗಲಿಲ್ಲ. ಗೆರೆ ಕದಲಿತು ಅಂದರೆ ಬಳ್ಳಾರಿಯವನು ಬೆಚ್ಚಿ ಬೀಳುತ್ತಾನಾ? ನಮ್ಮಲ್ಲಿ ಎರಡು ರಾಜ್ಯಗಳ ಗಡಿಗೇ ಕಾಲು ಬಂದಿತ್ತು. ಗಡಿಗೆ ಗುರುತಾಗಿದ್ದ ಸುಗ್ಗಲಮ್ಮನ ಗುಡಿ ಗಣಿಯ ಬಾಯಿಗೆ ಹೋಯಿತು. ದೇವಿಗೇ ಜಾಗ ಉಳಿಯಲಿಲ್ಲ, ಇನ್ನು ಹೆಜ್ಜಾರ್ಲೆಯನ್ನು, ಅದೇ ಪೆಲಿಕನ್ ಹಕ್ಕಿಯನ್ನು, ಯಾರು ಕೇಳುತ್ತಾರೆ?

ಹಾಗೆ ನೋಡಿದರೆ ಬಳ್ಳಾರಿಯವರಿಗೆ ಗೆರೆಗಳ ಅನುಭವ ಜಾಸ್ತಿ. 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂದೆವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಕಡೆ ಹೋದವು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರದ ಕೆರೆಯೂ ಅದರ ಜೊತೆ ಹೊರಟಿತು. ಜಾಲಿಮರದ ಮೇಲೆ ಕೂತ ಕೊಕ್ಕರೆಗಳು ರೆಕ್ಕೆ ಬಿಚ್ಚದೆ ಜಿಲ್ಲೆ ಬದಲಿಸಿದವು. 2024ರಲ್ಲಿ ಅದೇ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಯಲ್ಲಿ ಜಾಗ, ಬಂದಾಗ ನಮ್ಮ ಓಣಿಯಲ್ಲಿ 'ಅದು ನಮ್ಮದೇ ಅಲ್ವಾ' ಅಂತ ಒಂದು ವಾರ ಹೊಟ್ಟೆ ಉರಿದುಕೊಂಡೆವು. ನಮ್ಮದಾಗಿದ್ದಾಗ ಹೋಗಿ ನೋಡಿದವರು ಎಷ್ಟು ಜನ ಅಂತ ಯಾರೂ ಕೇಳಲಿಲ್ಲ, ಪುಣ್ಯ.

ಆ ಹೊಟ್ಟೆಯುರಿಯಲ್ಲೇ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋದೆ. ಅಲ್ಲಿಂದ ಕೈಕಲೂರು. ಪಕ್ಕದಲ್ಲೇ ಅಟಪಾಕ. ಕೃಷ್ಣಾ ಗೋದಾವರಿ ನಡುವಿನ ಆ ಬಯಲಿನಲ್ಲಿ ಕೊಲ್ಲೇರು ಒಂದು ತಟ್ಟೆಯ ಹಾಗೆ ಹರಡಿಕೊಂಡಿದೆ ಅಂತ ಓದಿದ್ದೆ. ಆಳವಿಲ್ಲದ ದೊಡ್ಡ ಸಿಹಿನೀರಿನ ಕೆರೆ, ಹೆಚ್ಚಾದ ನೀರು ಉಪ್ಪುಟೇರು ಅನ್ನೋ ಹಳ್ಳ ಹಿಡಿದು ಸಮುದ್ರಕ್ಕೆ. ಸರಿ, ಕೆರೆ ಎಲ್ಲಿ ಅಂತ ಹುಡುಕಿದೆ. ಒಡ್ಡು ಕಂಡಿತು. ಅದರಾಚೆ ಹೊಂಡ. ಹೊಂಡದಾಚೆ ಮತ್ತೆ ಒಡ್ಡು. ಚದುರಂಗದ ಮಣೆಯ ಹಾಗೆ ಮೀನು ಹೊಂಡಗಳು. ಕೆರೆಯನ್ನು ನೋಡಲು ಬಂದವನಿಗೆ ಸೈಟು ತೋರಿಸಿದ ಹಾಗಾಯಿತು.

1999ರಲ್ಲಿ ಇಲ್ಲಿ 308 ಚದರ ಕಿಲೋಮೀಟರ್ ಪಕ್ಷಿಧಾಮ ಅಂತ ಘೋಷಣೆಯಾಯಿತು. ಸಮುದ್ರ ಮಟ್ಟಕ್ಕಿಂತ ಐದಡಿ ಎತ್ತರದ ಗೆರೆಯವರೆಗೂ ಹಕ್ಕಿಗಳದ್ದು. 2002ರಲ್ಲಿ ರಾಮ್ಸಾರ್ ಪಟ್ಟವೂ ಬಂತು. 2006ರಲ್ಲಿ 'ಆಪರೇಷನ್ ಕೊಲ್ಲೇರು' ಅಂತ ಹೊಂಡಗಳ ಒಡ್ಡು ಒಡೆದರು. ಎರಡೇ ವರ್ಷಕ್ಕೆ, 2008ರಲ್ಲಿ, ಐದನ್ನು ಮೂರು ಮಾಡಿ ಅಂತ ಅಲ್ಲಿನ ವಿಧಾನಸಭೆಯೇ ನಿರ್ಣಯ ಮಾಡಿತು. ಎಂಥ ಸುಲಭದ ಉಪಾಯ ನೋಡಿ! ಒತ್ತುವರಿ ತೆಗೆಯುವ ತಾಪತ್ರಯವೇ ಇಲ್ಲ. ಕೆರೆಯನ್ನೇ ಒತ್ತುವರಿಯಿಂದ ಹೊರಗಿಟ್ಟರಾಯಿತು. ಮೂರನೇ ಗೆರೆ ಕೆಳಗೆ ಮೊಟ್ಟೆ ಇಡಿ ಅಂತ ಹೆಜ್ಜಾರ್ಲೆಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಕೆಲಸ ಮುಗಿಯಿತು. ತೆಲುಗಿನಲ್ಲಿ ಕಳಿಸಿ, ಪಾಪ, ಸ್ಥಳೀಯ ಹಕ್ಕಿಗಳು.

ಹೊಂಡಗಳ ಮೇಲೆ ಅಲ್ಲಲ್ಲಿ ಬಲೆ ಕಟ್ಟಿದ್ದರು. ಯಾಕೆ ಅಂದೆ. ಹಕ್ಕಿಗಳು ಮೀನು ಕದಿಯುತ್ತವಂತೆ. ಪಕ್ಷಿಧಾಮದಲ್ಲಿ ಹಕ್ಕಿ ಕಳ್ಳ!

ಅಟಪಾಕದಲ್ಲಿ ದೋಣಿ ಹತ್ತಿದೆ. ಅಲ್ಲಂತೂ ಹೆಜ್ಜಾರ್ಲೆಗಳು ನಿಜವಾಗಿಯೂ ಇದ್ದವು, ನೂರಾರು. ಕೊಕ್ಕಿನ ಕೆಳಗೆ ಆ ಚೀಲ. ಮರಿ ತನ್ನ ತಲೆಯನ್ನು ಪೂರ್ತಿ ತಾಯಿಯ ಗಂಟಲೊಳಗೆ ತೂರಿಸಿ ಉಣ್ಣುತ್ತಿತ್ತು. ಮದುವೆ ಮನೆಯಲ್ಲಿ ಸಾಂಬಾರಿನ ಕೊಳಗದೊಳಗೆ ಬಗ್ಗಿ ಕೆರೆಯುವ ನಮ್ಮ ಅಡುಗೆಯವರ ಹಾಗೆ. ಎಷ್ಟೋ ಹೊತ್ತು ನೋಡುತ್ತಾ ಕೂತೆ. ಆಮೇಲೆ ಗೂಡಿನ ಕೆಳಗೆ ಕಣ್ಣು ಹೋಯಿತು. ಗೂಡು ಇದ್ದದ್ದು ಮರದ ಮೇಲಲ್ಲ, ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಮರ ಸಾಲದ್ದಕ್ಕೆ ನೀರಿನಲ್ಲಿ ಕಂಬ ನೆಟ್ಟು ಕೊಟ್ಟಿದ್ದಾರೆ. ಒಳ್ಳೆಯ ಕೆಲಸವೇ, ಹಕ್ಕಿಗಳೂ ಒಪ್ಪಿಕೊಂಡಿವೆ. ನನಗೆ ಮಾತ್ರ ಹೆಮ್ಮೆ ಉಕ್ಕಿತು. ನಮ್ಮ ಗುಡ್ಡ ಚೀನಾಕ್ಕೆ ಹೋಗಿದ್ದು ಗೊತ್ತು. ಒಂದು ತುಂಡು ಹಕ್ಕಿಯ ಬಾಣಂತನಕ್ಕೂ ಬಂದಿರಬಹುದಲ್ಲ!

ಇಷ್ಟು ಬರೆದು ನಗಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಒಡ್ಡು ಒಡೆಯುವಾಗ ಕಣ್ಣೀರು ಹಾಕುವವನು ಬಲೆ ಬೀಸಿ ಬದುಕುವ ಬಡವ. ಅವನ ಹೆಸರು ಹೇಳಿಕೊಂಡು ಗೆರೆ ಇಳಿಸಿ ಅನ್ನುವವರು ಎಲ್ಲೋ ಊರಲ್ಲಿ ಕೂತು ಗುತ್ತಿಗೆಗೆ ದುಡ್ಡು ಹಾಕಿದವರು. ಸಂಡೂರಿನಲ್ಲೂ ಇದೇ ನೋಡಿದ್ದೇವೆ. ಧೂಳು ಕುಡಿದವನು ಒಬ್ಬ, ಅದಿರಿನ ದುಡ್ಡು ಎಣಿಸಿದವನು ಇನ್ನೊಬ್ಬ. ಇದನ್ನೇ ಎಷ್ಟು ಸಲ ಬರೆಯುವುದು? ಸಾಕಾಗಿದೆ.

ದಡಕ್ಕೆ ಬರುವಾಗ ದೋಣಿಯವನು ಊರು ಕೇಳಿದ. ಬಳ್ಳಾರಿ ಅಂದೆ. ಅವನ ಮುಖ ಅರಳಿತು.

'ಹಾಗಾದರೆ ನಿಮಗೆ ಗೊತ್ತಿರುತ್ತೆ ಸಾರ್. ಈ ಕಬ್ಬಿಣ ಎಷ್ಟು ವರ್ಷ ಬಾಳುತ್ತೆ?'

'ನೀರಿನಲ್ಲಿ ನಿಂತಿದೆಯಲ್ಲ, ಬೇಗ ತುಕ್ಕು ಹಿಡಿಯುತ್ತೆ' ಅಂದೆ.

'ನೀರು ತಾನೇ?' ಅವನು ಹುಟ್ಟು ಎತ್ತಿಟ್ಟ. 'ಹಾಗಾದರೆ ಏನೂ ಚಿಂತೆಯಿಲ್ಲ ಬಿಡಿ.'