ಬಿಲ್ ವಿದರ್ಸ್ ಕಾರ್ಖಾನೆಗೆ ಮರಳಿದರೇ? ಒಂದು ಸ್ಪಷ್ಟನೆ

ಅಮೆರಿಕದ ‘ಸೋಲ್’ ಎಂಬ ಸಂಗೀತ ಶೈಲಿಯ ಗಾಯಕ, ಗೀತರಚನಕಾರ ಬಿಲ್ ವಿದರ್ಸ್ ಒಂದೇ ಹಾಡಿನಿಂದ ಹೆಸರು ಮಾಡಿ, ಆಮೇಲೆ ಅವಕಾಶ ಸಿಗದೆ ಕಾರ್ಖಾನೆಯ ಕೆಲಸಕ್ಕೆ ಮರಳಿದರು ಎಂಬ ಸಂದೇಶ ಹರಿದಾಡುತ್ತಿದೆ. ಕಣ್ಣೀರು ತರಿಸುವ ಕಥೆ, ಆದರೆ ಹಿಂದುಮುಂದಾಗಿದೆ.

ಕಾರ್ಖಾನೆ ಇದ್ದದ್ದು ಮೊದಲು. ನೌಕಾಪಡೆಯಲ್ಲಿ ಒಂಬತ್ತು ವರ್ಷ ಕಳೆದ ವಿದರ್ಸ್, ನಂತರ ವಿಮಾನಗಳ ಶೌಚಾಲಯ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. 1971ರ ಮೊದಲ ಆಲ್ಬಮ್‌ನ ಹೊದಿಕೆಯ ಚಿತ್ರದಲ್ಲೂ ಅವರ ಕೈಯಲ್ಲಿ ಊಟದ ಡಬ್ಬಿಯಿದೆ. ಅದರಲ್ಲಿನ ‘ಏಂಟ್ ನೋ ಸನ್‌ಶೈನ್’ ಗ್ರ್ಯಾಮಿ ಗೆದ್ದಿತು. ಆ ಹಾಡಿನ ನಡುವೆ ‘ಐ ನೋ’ ಎಂಬ ಮಾತು 26 ಬಾರಿ ಬರುತ್ತದೆ. ಅಲ್ಲಿ ವಿದರ್ಸ್ ಬೇರೆ ಸಾಲು ಬರೆಯಬೇಕೆಂದಿದ್ದರಂತೆ. ಸ್ಟುಡಿಯೋದಲ್ಲಿದ್ದ ಸಂಗೀತಗಾರರು ಹಾಗೆಯೇ ಇರಲಿ ಎಂದರು. ಪುಣ್ಯಕ್ಕೆ ವಿದರ್ಸ್ ಆ ಮಾತಿಗೆ ಒಪ್ಪಿದರು!

ಒಂದೇ ಹಾಡು ಎನ್ನುವುದೂ ಸುಳ್ಳು. 1972ರಲ್ಲಿ ‘ಲೀನ್ ಆನ್ ಮಿ’ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. 1985ರ ಆಲ್ಬಮ್ ಬಳಿಕ, ಧ್ವನಿಮುದ್ರಣ ಕಂಪನಿಯವರ ಮೂಗು ತೂರಿಸುವಿಕೆಗೆ ರೋಸಿ ವಿದರ್ಸ್ ತಾವಾಗಿಯೇ ದೂರ ಸರಿದರು. 2015ರಲ್ಲಿ ಸಂಗೀತ ಸಾಧಕರನ್ನು ಗೌರವಿಸುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು, 2020ರಲ್ಲಿ ತೀರಿಕೊಂಡರು.